ಅಮ್ಮನ ಹದಿನೆಂಟು ವೋವಿಯೊ

ನಿಮ್ಮ ಮನೆಯ ಹಿರಿಯರ ಸ್ವರವನ್ನು ನೀವೊಬ್ಬರೇ ಬಚ್ಚಿಟ್ಟುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಶಿರ್ವದ ಜೋಸ್ಲಿನ್ ಟೀಚರ್ ಈ ಪ್ರಶ್ನೆಯನ್ನು ತಮಗೆ ತಾವೇ ಎಂದೂ ಕೇಳಿಕೊಂಡವರಲ್ಲ. ಅವರ ಮದುವೆಯ ಮುನ್ನಾದಿನ, ರೋಸಿನ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗ, ಅಮ್ಮ ಹದಿನೆಂಟು ವೋವಿಯೊ, ಅಂದರೆ ಕೊಂಕಣಿಯ ಮದುವೆ ಹಾಡು, ಹಾಡಿದ್ದರು. ಆ ಹಾಡುಗಳು ಒಂದು ವಿಡಿಯೊ ಕ್ಯಾಸೆಟ್ಟಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಕಾರ್ಕಳದ ತಮ್ಮ ಕ್ಲಾಯ್ಡ್ ಪ್ರತಿ ಮಾಡಿಸಲು ಕೇಳಿದಾಗ ಟೀಚರ್ ಸಿಡುಕಿದ್ದರು: "ಅಮ್ಮನ ಸ್ವರ ಎಂತ, ಊರಿಗೆಲ್ಲ ಹಂಚಲಿಕ್ಕೆ ಮದುವೆ ಕಾಗದವಾ?"

ಬರುವ ಜನವರಿಯಲ್ಲಿ ಮಗಳು ಡೈನಾಳ ರೋಸು. ಅಮ್ಮ ಈಗಿಲ್ಲ, ಹಾಡು ಬಲ್ಲವರು ಬೇರೆ ಯಾರೂ ಉಳಿದಿಲ್ಲ. ಮಳೆ ಬಿಟ್ಟ ಮೇಲೆ ಸೀರೆಗಳ ಅಡಿಯಿಂದ ಕ್ಯಾಸೆಟ್ಟು ತೆಗೆದರೆ ರೀಲಿನ ಮೇಲೆಲ್ಲ ಬಿಳಿ ಬೂಷ್ಟು. ಕರಾವಳಿಯಲ್ಲಿ ಬೂಷ್ಟಿಗೆ ಮದ್ದು ಒಂದೇ. ಹುಣಸೆಹಣ್ಣಿನ ಪಕ್ಕ, ಅಂಗಳದ ಚಾಪೆಯ ಮೇಲೆ, ಟೀಚರ್ ಅದನ್ನು ಮೂರು ದಿನ ಒಣಗಿಸಿದರು.

"ಸ್ವಲ್ಪ ಉಪ್ಪೂ ಹಾಕು ಮಾರಾಯ್ತಿ, ಒಣಮೀನಾಗ್ತದೆ," ಎಂದು ಗಂಡ ಸ್ಯಾಮ್ಸನ್ ನಕ್ಕರು.

ಮಣಿಪಾಲದಲ್ಲಿ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಹಳೆಯ ವಿದ್ಯಾರ್ಥಿ ಕೃಷ್ಣಪ್ರಸಾದ್ ನಗಲಿಲ್ಲ.

"ಬಿಸಿಲಿಗೆ ಹಾಕಿದ್ರಾ ಟೀಚರ್?"

"ಹೌದು."

"ಬೂಷ್ಟು ಮಾತ್ರ ಆಗಿದ್ರೆ ಒರೆಸಿ ತೆಗೀಬಹುದಿತ್ತು. ಈಗ ರೀಲಿನ ಲೇಪವೇ ಏಳ್ತಾ ಉಂಟು. ಓಡಿದ್ರೆ ಒಂದು ಸಲ ಓಡೀತು. ಆಮೇಲೆ ನನ್ನನ್ನು ಬೈಬಾರದು."

"ಓಡಿಸು. ಬೈಸಿಕೊಳ್ಳಬೇಕಾದವಳು ಇಲ್ಲೇ ಕೂತಿದ್ದಾಳೆ."

ಅವನು ಒರೆಸಿ, ಕಂಪ್ಯೂಟರಿಗೆ ಜೋಡಿಸಿ ಓಡಿಸಿದ. ಪರದೆಯ ಮೇಲೆ ಬರಿಯ ಗೆರೆಗಳು. ಆದರೆ ಅಮ್ಮನ ಸ್ವರ ಬಂತು. ಒಂದು ಹಾಡು, ಎರಡು, ನಾಲ್ಕು. ಐದನೆಯದರ ಮೊದಲ ಸಾಲಿಗೆ ಲೇಪ ಪುಡಿಪುಡಿಯಾಗಿ ಉದುರಿತು, ಸ್ವರ ನಿಂತಿತು.

ಮಳೆಯನ್ನೋ ಬಿಸಿಲನ್ನೋ ದೂರಲು ಟೀಚರಿಗೆ ಬಾಯಿ ಬರಲಿಲ್ಲ. ಕ್ಲಾಯ್ಡ್ ಕೇಳಿದ ದಿನವೇ ಕೊಟ್ಟಿದ್ದರೆ ಹದಿನೆಂಟೂ ಉಳಿಯುತ್ತಿದ್ದವು. ಅಲ್ಲಿಂದಲೇ ಅವನಿಗೆ ಫೋನ್ ಮಾಡಿದರು.

"ಅಮ್ಮನ ಹಾಡು ಕಳಿಸ್ತೇನೆ. ನಿನ್ನಲ್ಲಿಯೂ ಇರಲಿ."

"ಅಂತೂ ಕೊಡುವ ಮನಸ್ಸು ಬಂತಲ್ವಾ! ಎಷ್ಟುಂಟು?"

"ನಾಲ್ಕು."

"ನಾಲ್ಕಾದ್ರೂ ಕಳಿಸು ಅಕ್ಕಾ," ಎಂದ ಕ್ಲಾಯ್ಡ್.

ಓದುಗರೇ, ಒಂದೇ ಪ್ರತಿಯಿರುವ ಟೇಪು ನಿಮ್ಮಲ್ಲಿದ್ದರೆ ಮುಂದಿನ ಮಳೆಗಾಲಕ್ಕೆ ಕಾಯಬೇಡಿ. ಈ ವಾರವೇ ಎರಡು ಪ್ರತಿ ಮಾಡಿಸಿ. ಒಂದನ್ನು ದಯವಿಟ್ಟು ಇನ್ನೊಬ್ಬರ ಮನೆಯಲ್ಲಿಡಿ.