ಹೊಗೆಯಿಲ್ಲದ ಸೌದೆ

ತೂಬಾಳ ಮೊದಲ ಮಗು ಹನ್ನೊಂದು ದಿನ ಬದುಕಿತ್ತು. ಹೋದ ಡಿಸೆಂಬರಿನ ಚಳಿಯಲ್ಲಿ ಕಫ ಕಟ್ಟಿ ತೀರಿಕೊಂಡಿತು. ಬಾಣಂತಿ ಕೋಣೆ ಬೆಚ್ಚಗಿರಲೆಂದು ಅವಳ ತಾಯಿ ಬಿಲ್ಕೀಸ್ ಆಗ ಅಗ್ಗಿಷ್ಟಿಕೆ ಹಚ್ಚಿದ್ದಳು. ಹಸಿ ಸೌದೆ, ಬರೀ ಹೊಗೆ. ಮಗು ಕೆಮ್ಮಿತೆಂದು ಹೊರಗಿಟ್ಟರು. ಹೊರಗಿಟ್ಟದ್ದರಿಂದಲೇ ಮಗು ತಣ್ಣಗಾಯಿತೆಂದು ಬಿಲ್ಕೀಸ್ ನಂಬಿಬಿಟ್ಟಳು. ಡಾಕ್ಟರು ಬೇರೆ ಕಾರಣ ಹೇಳಿದ್ದರು. ಅದು ಅವಳ ತಲೆಗೆ ಹೋಗಲೇ ಇಲ್ಲ.

ಮೇ ತಿಂಗಳಲ್ಲಿ ಮಗಳು ಮತ್ತೆ ಬಸುರಿಯೆಂದು ಗೊತ್ತಾದಾಗ ಎಲ್ಲರೂ ಹಿಗ್ಗಿದರು. ಬಿಲ್ಕೀಸ್ ಬೆರಳೆಣಿಸಿ ನೋಡಿದಳು. ಮತ್ತೆ ಚಳಿಗಾಲಕ್ಕೇ ಹೆರಿಗೆ.

ಅದೇ ವಾರ ಗಾಳಿಮಳೆಗೆ ಜೋಗುಪಾಳ್ಯದಲ್ಲಿ ಒಂದು ಮರ ಉರುಳಿತ್ತು. ಬಿಲ್ಕೀಸಳ ಗಂಡ ಹಾಶಿಮ್ ಗೂಡ್ಸ್ ಆಟೋ ಓಡಿಸುವವನು. ಅವನಿಗೆ ಹೇಳಿ ತುಂಡುಗಳನ್ನು ಶಿವಾಜಿನಗರದ ಮನೆಗೆ ತರಿಸಿ ಸೀಳಿಸಿದಳು. ತಾರಸಿಯಲ್ಲಿ ಇಟ್ಟಿಗೆ ಹಾಸಿ, ಅದರ ಮೇಲೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ನಡುವೆ ಗಾಳಿಯಾಡಲು ಸಂದು ಬಿಟ್ಟು ಪೇರಿಸಿದಳು. ಮಳೆಗೆ ಮೇಲ್ಭಾಗವನ್ನಷ್ಟೇ ಟಾರ್ಪಾಲಿನಿಂದ ಮುಚ್ಚುವಳು. ಪಕ್ಕವನ್ನೂ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಬಂದಾಗ ಅಡಿಯವನ್ನು ಮೇಲಕ್ಕೆ ಹಾಕುವಳು. ಒಣಗಿತೇ ಎಂದು ಎರಡು ಸೀಳನ್ನು ಒಂದಕ್ಕೊಂದು ಬಡಿದು ನೋಡುವಳು. ಜೂನಿನಲ್ಲಿ ಮಂಕಾಗಿದ್ದ ಸದ್ದು ನವೆಂಬರಿನ ಹೊತ್ತಿಗೆ ಠಣ್ಣೆಂದಿತು. ಹಾಶಿಮ್ ಕರೆಂಟಿನ ಹೀಟರ್ ತರುತ್ತೇನೆಂದ. ಕರೆಂಟು ಹೋದರೆ ಏನು ಗತಿ ಎಂದು ಅವಳು ಒಪ್ಪಲಿಲ್ಲ.

ಡಿಸೆಂಬರ್ ಕೊನೆಗೆ, ಮೂರು ವಾರ ಮುಂಚೆಯೇ, ಹೆಣ್ಣುಮಗು ಹುಟ್ಟಿತು. ಅಂಗೈಯಗಲದ ಬೆನ್ನು. ಬಿಲ್ಕೀಸ್ ದಿನಕ್ಕೆ ಹತ್ತಾರು ಸಲ ಅದರ ಪಾದ ಮುಟ್ಟಿ ನೋಡುತ್ತಿದ್ದಳು. ಹನ್ನೊಂದನೆಯ ದಿನ ಬೆಳಗಿನಿಂದಲೇ ಮೋಡ ಕವಿದು ಗಾಳಿ ಬೀಸಿತು. ಮುಟ್ಟಿದರೆ ಪಾದ ತಣ್ಣಗಿತ್ತು.

ತಾರಸಿಯಲ್ಲಿ ಸೌದೆ ಉರಿಸಿ, ನಿಗಿನಿಗಿ ಕೆಂಡವಾದ ಮೇಲೆ ಕಬ್ಬಿಣದ ಅಗ್ಗಿಷ್ಟಿಕೆಯಲ್ಲಿ ತುಂಬಿ ತಂದು ಕೋಣೆಯಲ್ಲಿಟ್ಟಳು. ಎಳೆಯಷ್ಟೂ ಹೊಗೆಯಿಲ್ಲ. ಏಳು ತಿಂಗಳ ಕೆಲಸ ಸಾರ್ಥಕವೆನಿಸಿತು. ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ಬಾಗಿಲೆಳೆದುಕೊಂಡು ಮಗುವಿನ ಪಕ್ಕದಲ್ಲಿ ಕುಳಿತಳು.

ಮಧ್ಯಾಹ್ನ ತೂಬಾ ಹಣೆ ಹಿಡಿದುಕೊಂಡಳು. "ಅಮ್ಮೀ, ತಲೆ ಸಿಡೀತಿದೆ. ಕಿಟಕಿ ತೆಗಿ."

"ಬೇಡ ಬೇಟಾ, ಗಾಳಿ ಬರ್ತದೆ. ಮಲ್ಕೋ."

ಬಿಲ್ಕೀಸಳ ತಲೆಯೂ ಭಾರವಾಗಿತ್ತು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದುಕೊಂಡು, ಇನ್ನಷ್ಟು ಸೌದೆ ತರಲು ತಾರಸಿಗೆ ಹೋದಳು. ಮೆಟ್ಟಿಲಲ್ಲಿ ಕಾಲು ತಡವರಿಸಿತು. ಮೇಲೆ ಹತ್ತು ನಿಮಿಷ ಗಾಳಿಯಲ್ಲಿ ಕುಳಿತ ಮೇಲೆ ತಲೆ ಹಗುರಾಯಿತು.

ಇಳಿದು ಬಂದು ನೋಡಿದರೆ ತೂಬಾ ಹಾಸಿಗೆಯ ಅಂಚಿಗೆ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಕರೆದರೆ ಓಗೊಡಲಿಲ್ಲ. ಎತ್ತಿಕೊಂಡರೆ ಮಗುವಿನ ಕತ್ತು ಒದ್ದೆ ಬಟ್ಟೆಯಂತೆ ಜೋತಿತು, ಅಳಲಿಲ್ಲ. ಚಳಿ ಒಳಗೆ ಬಂದೇಬಿಟ್ಟಿತೆಂದು ಬಿಲ್ಕೀಸ್ ತಂದ ಸೌದೆಯನ್ನು ಕೆಂಡಕ್ಕೆ ಹಾಕಲು ಬಾಗಿದಳು. ಬಾಗಿದೊಡನೆ ಕಣ್ಣು ಕತ್ತಲಿಟ್ಟಿತು.

ಗೋಡೆ ಹಿಡಿದು ನಿಂತಳು. ಈಗಷ್ಟೇ ಮೇಲೆ, ಆ ಗಾಳಿಯಲ್ಲಿ, ಚೆನ್ನಾಗಿದ್ದೆನಲ್ಲ. ಒಳಗೆ ಬಂದೊಡನೆ ಹೀಗೆ. ವರ್ಷವಿಡೀ ಅವಳು ಹೆದರಿದ್ದು ಹೊರಗಿನದಕ್ಕೆ. ಕೊಲ್ಲುತ್ತಿರುವುದು ಒಳಗೇ ಇತ್ತು. ಆದರೂ ಮಗುವನ್ನು ಆ ಚಳಿಗೆ ಒಯ್ಯಲು ಕಾಲು ಏಳಲಿಲ್ಲ. ಒಯ್ದರೆ ಅಲ್ಲೇ ತಣ್ಣಗಾದರೆ?

ಕೈಯಲ್ಲಿದ್ದ ಮಗುವಿನ ಉಸಿರು ಕ್ಷೀಣಿಸುತ್ತಿತ್ತು. ಅದನ್ನು ಎದೆಗವಚಿಕೊಂಡು ಬೀದಿಗೆ ಓಡಿದಳು. ಎದುರುಮನೆಯ ಆದಿಲಕ್ಷ್ಮಿ, ನರ್ಸಿಂಗ್ ಹೋಮಿನಲ್ಲಿ ಆಯಾ, ಬಾಗಿಲಲ್ಲೇ ಇದ್ದಳು. ಬೆಳಿಗ್ಗೆ ತಾರಸಿಯಲ್ಲಿ ಬೆಂಕಿ ಕಂಡಿದ್ದ ಅವಳಿಗೆ, "ತೂಬಾ ಒಳಗೆ ಬಿದ್ದಿದ್ದಾಳೆ" ಎಂದು ಬಿಲ್ಕೀಸ್ ಕೂಗಿ ಹೇಳಿದಳು.

"ಬಿಲ್ಕೀಸಮ್ಮ, ಒಳಗೆ ಕೆಂಡ ಇಟ್ಟಿದ್ರಾ?" ಎಂದವಳು ಉತ್ತರಕ್ಕೂ ಕಾಯದೆ ಮೂಗು ಮುಚ್ಚಿ ನುಗ್ಗಿದಳು. ಕಿಟಕಿ ತೆರೆದು, ತೂಬಾಳ ಕಂಕುಳಿಗೆ ಕೈಹಾಕಿ ಹೊಸ್ತಿಲಾಚೆ ಎಳೆದು ತಂದಳು. ಗಾಳಿ ಮುಖಕ್ಕೆ ರಾಚಿತು. ಮಗು ಒಮ್ಮೆ ಬಾಯಿ ತೆರೆಯಿತು, ಸದ್ದಿಲ್ಲ. ಮತ್ತೆ ತೆರೆಯಿತು. ಸಿಕ್ಕ ಆಟೋದಲ್ಲಿ ಆಸ್ಪತ್ರೆ ಸೇರುವವರೆಗೂ ಬಿಲ್ಕೀಸ್ ಆ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.

ಇಬ್ಬರಿಗೂ ಆಕ್ಸಿಜನ್ ಇಟ್ಟರು. ಹೊಗೆ ಕಾಣದಿದ್ದರೂ ಕೆಂಡದಿಂದ ವಿಷದ ಗಾಳಿ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಈ ಸಲ ಅವಳು ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಮಗುವನ್ನು ಮೈಗೆ ಮೈ ತಾಗಿಸಿ ಬೆಚ್ಚಗಿಡುವುದನ್ನು ನರ್ಸ್ ತೋರಿಸಿಕೊಟ್ಟಳು.

ಐದನೆಯ ದಿನ ಮನೆಗೆ ಬಂದರು. ತೂಬಾ ತಾಯಿಯ ಜೊತೆ ಮಾತಾಡಲಿಲ್ಲ. ಬಿಲ್ಕೀಸ್ ಆ ಕೋಣೆಗೆ ಕಾಲಿಡಲಿಲ್ಲ; ಬಾಗಿಲಾಚೆ ಕುಳಿತು ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಮೂರು ದಿನ ಕಳೆದ ಮೇಲೆ ತೂಬಾ ಹೊರಗೆ ಬಂದು ಮಗುವನ್ನು ಮುಂದೆ ಹಿಡಿದಳು.

"ಹಿಡ್ಕೋ ಅಮ್ಮೀ. ನಾನು ಸ್ನಾನ ಮಾಡ್ಬೇಕು."

ಬಿಲ್ಕೀಸ್ ಕೈ ಹಿಂದಕ್ಕೆಳೆದುಕೊಂಡಳು. ತೂಬಾ ಮಗುವನ್ನು ಅವಳ ಮಡಿಲಲ್ಲಿಟ್ಟು ಹೊರಟೇ ಹೋದಳು. ಬಿಲ್ಕೀಸ್ ಅದನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡು, ಬಚ್ಚಲಿನ ನೀರಿನ ಸದ್ದು ನಿಲ್ಲುವವರೆಗೂ ಒಂದೊಂದೇ ಉಸಿರನ್ನು ಕಾಯುತ್ತ ಕುಳಿತಳು.