ಹಳದಿ ಚೀಟಿ

ಕೆಂಪೋ, ಹಳದಿಯೋ? ದೇವಸ್ಥಾನದ ಗೋಡೆಗೆ ಹಚ್ಚುವ ಪ್ರಾರ್ಥನೆಯ ಚೀಟಿ, ಬದುಕಿದ್ದರೆ ಕೆಂಪು, ಸತ್ತಿದ್ದರೆ ಹಳದಿ. ಇಷ್ಟು ಸರಳವಾದ ಪ್ರಶ್ನೆಗೆ ತನ್ನಲ್ಲಿ ಉತ್ತರವಿಲ್ಲ ಎಂದು ಈ ಹೆಂಗಸಿಗೆ ಹೇಗೆ ಹೇಳುವುದು? ಗೊತ್ತಿಲ್ಲ ಎಂದರೆ ಯಾರ ಹೆಸರಿಗೆ ಎಂದು ಕೇಳುತ್ತಾಳೆ. ಮಗಳ ಹೆಸರಿಗೆ ಎಂದರೆ, ಮಗಳು ಇದ್ದಾಳೋ ಇಲ್ಲವೋ ತಿಳಿಯದ ಅಪ್ಪ ಯಾರಿವನು ಎಂದು ಸಾಲಿನಲ್ಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಾರೆ. ಗೆನ್‌ಫು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಣ್ಣಾ, ಕೆಂಪಾ, ಹಳದಿನಾ?" ಮೇಜಿನ ಹಿಂದಿನ ಹೆಂಗಸು ಎರಡನೇ ಸಲ ಕೇಳಿದಳು. ದೇವಸ್ಥಾನಕ್ಕೆ ಸೇವೆಗೆಂದು ಬರುವ ಗೃಹಿಣಿ. ಕಂದು ನಿಲುವಂಗಿಯ ತೋಳು ಮಡಚಿ, ಕುಂಚವನ್ನು ಮಸಿಯಲ್ಲಿ ಅದ್ದಿ ಕಾಯುತ್ತಿದ್ದಳು. "ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಹೋದ ವರ್ಷ ಒಬ್ಬಳು ಗಡಿಬಿಡೀಲಿ ಬದುಕಿರೋ ಅತ್ತೆ ಹೆಸರನ್ನ ಹಳದಿ ಮೇಲೆ ಬರೆಸಿಬಿಟ್ಲು. ಆಯಸ್ಸು ಕಮ್ಮಿ ಆಯ್ತು ಅಂತ ಆಯಮ್ಮ ಮೂರು ದಿನ ಊಟ ಬಿಟ್ಟಿದ್ರಂತೆ."

"ಗಡಿಬಿಡಿ ಅಂತ ಯಾರು ಹೇಳಿದ್ದು, ಸೊಸೇನಾ?" ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು. ಸುತ್ತಲಿದ್ದವರು ನಕ್ಕರು. ಗೆನ್‌ಫುವೂ ನಕ್ಕ.

"ಸ್ವಲ್ಪ ಇರಮ್ಮ, ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ" ಎಂದು ಸಾಲು ಬಿಟ್ಟು ಹೊರಬಂದ.

ಮನೆಯಲ್ಲಿ ಕೇಳುವುದೇನೂ ಇರಲಿಲ್ಲ. ಹೆಂಡತಿ ಸೂಯಿಂಗ್ ಬೆಳಿಗ್ಗೆಯೇ ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿದ್ದಳು. "ಮುದುಕಾ, ಹೇಗೂ ದೇವಸ್ಥಾನ ನೋಡ್ತಾ ಅಲೀತಿದ್ದೀಯ. ಸತ್ತವರನ್ನ ನೆನೆಯೋ ಚಿಂಗ್‌ಮಿಂಗ್ ಹಬ್ಬ ಬಂತು, ನಮ್ಮ ಎರಡನೇದಕ್ಕೆ ಒಂದು ಹಳದಿ ಚೀಟಿ ಹಚ್ಚಿಸು. ಹೊಟ್ಟೇಲೇ ಹೋದ ಮಕ್ಕಳಿಗೆ ಚೀಟಿ ಇಲ್ದೆ ದಾರಿ ಸಿಗಲ್ವಂತೆ. ಫೋಟೋ ಕಳ್ಸು. ಟೀ ಕುಡಿಯೋದು ಮರೆಯಲ್ಲ ನೀನು, ಇದನ್ನ ಮರೀಬೇಡ."

ಸರಕುದೋಣಿಯ ಕೆಲಸದಿಂದ ನಿವೃತ್ತನಾದ ಮೇಲೆ ಪ್ರತಿ ವಸಂತದಲ್ಲೂ ಗೆನ್‌ಫು ಒಬ್ಬನೇ ತಿರುಗಾಟಕ್ಕೆ ಹೊರಡುತ್ತಿದ್ದ. ಒಂದು ಫ್ಲಾಸ್ಕು, ನಾಲ್ಕು ಬೇಯಿಸಿದ ಮೊಟ್ಟೆ. ಬಸ್ಸು ಹತ್ತಿದರೆ ವಾಂತಿಯಾಗುವ ಸೂಯಿಂಗ್ ಜೊತೆಗೆ ಬರುತ್ತಿರಲಿಲ್ಲ. ಎರಡು ಮೂರು ಊರಿನ ಗುಡಿ, ಉದ್ಯಾನ ನೋಡಿ ಕೊನೆಗೆ ಅವನು ಈ ಯಾಂಗ್‌ಝೌ ಊರಿಗೆ ಬರುತ್ತಿದ್ದ. "ಅದೇನು ಪ್ರತಿ ಸಲ ಅಲ್ಲಿಗೇ, ಯಾರನ್ನಾದ್ರೂ ಇಟ್ಕೊಂಡಿದ್ದೀಯಾ?" ಎಂದು ಅವಳು ಹಂಗಿಸುತ್ತಿದ್ದಳು. ಅಲ್ಲಿಯ ಉದ್ಯಾನ ಚೆನ್ನಾಗಿದೆ ಎನ್ನುತ್ತಿದ್ದ.

ಆ ಉದ್ಯಾನದ ಪೂರ್ವ ಬಾಗಿಲು ದೇವಸ್ಥಾನದಿಂದ ಹತ್ತು ನಿಮಿಷದ ದಾರಿ. ಬಾಗಿಲ ಪಕ್ಕ ಮೊದಲು ಬರಿಯ ಕಲ್ಲುಕಟ್ಟೆಯಿತ್ತು, ಈಗ ಅಲ್ಲಿ ಹಣ್ಣಿನ ರಸ ಮಾರುವ ಯಂತ್ರ ನಿಂತಿದೆ. ಮೂವತ್ತನಾಲ್ಕು ವರ್ಷದ ಹಿಂದೆ, ನಸುಕಿನಲ್ಲಿ ಕಸರತ್ತಿಗೆ ಬರುವ ಮುದುಕರ ಕಣ್ಣಿಗೆ ಬೀಳಲಿ ಎಂದು ಅವನು ಆ ಕಟ್ಟೆಯ ಮೇಲೇ ಮಗುವನ್ನು ಮಲಗಿಸಿದ್ದ. ಹಳ್ಳಿಯವರಿಗೆ ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಮಾತ್ರ ಅಪ್ಪಣೆಯಿದ್ದ ಕಾಲ ಅದು. ಎರಡನೆಯದೂ ಹೆಣ್ಣಾಯಿತು. ಹೆರಿಗೆ ಮಾಡಿಸಿದ್ದು ಅವನ ತಾಯಿಯೇ. ಸತ್ತು ಹುಟ್ಟಿತು ಎಂದು, ಜ್ವರದಲ್ಲಿ ಅರೆ ಎಚ್ಚರದಲ್ಲಿದ್ದ ಸೊಸೆಗೆ ಹೇಳಿ, ಹತ್ತಿಯ ಅಂಗಿಯಲ್ಲಿ ಸುತ್ತಿದ ಮಗುವನ್ನು ಮಗನ ಕೈಗೆ ಕೊಟ್ಟಳು. ಅವನು ಕಲ್ಲಿದ್ದಲಿನ ದೋಣಿಯಲ್ಲಿ ಕಾಲುವೆಗುಂಟ ಇಲ್ಲಿಯವರೆಗೆ ತಂದ. ಸತ್ತದ್ದು ಲೆಕ್ಕಕ್ಕೆ ಬರುವುದಿಲ್ಲ, ಇನ್ನೊಂದಕ್ಕೆ ಅವಕಾಶ ಉಳಿಯುತ್ತದೆ ಎಂಬುದು ತಾಯಿಯ ಯೋಚನೆ. ಆ ಇನ್ನೊಂದು ಹುಟ್ಟಲೇ ಇಲ್ಲ.

ಇವತ್ತೂ ಅವನು ಆ ಬಾಗಿಲವರೆಗೆ ನಡೆದು ಹೋಗಿ ನಿಂತಿದ್ದಾಗ, ಮಕ್ಕಳನ್ನು ಕರೆತಂದಿದ್ದ ಹೆಂಗಸೊಬ್ಬಳು ಅವನ ಕೈಗೆ ಫೋನು ಕೊಟ್ಟಳು. "ಅಂಕಲ್, ನಮ್ಮದೊಂದು ಫೋಟೋ ತೆಗೀತೀರಾ?" ಮೂವತ್ತೈದರ ಆಸುಪಾಸಿರಬೇಕು. ಗೆನ್‌ಫು ಪರದೆಯಲ್ಲಿ ಅವಳ ಗದ್ದವನ್ನೇ ನೋಡಿದ. ತನ್ನ ತಾಯಿಯ ಗದ್ದದ ಹಾಗೆ ಚೂಪಾಗಿದೆಯೇ? ಈ ಊರಿನಲ್ಲಿ ಆ ವಯಸ್ಸಿನ ಎಷ್ಟು ಗದ್ದಗಳನ್ನು ಅವನು ಹೀಗೆ ನೋಡಿದ್ದನೋ.

"ಅಂಕಲ್, ಬರೀ ನನ್ನ ಮುಖ ಬಂದಿದೆ, ಮಕ್ಕಳೇ ಇಲ್ಲ" ಎಂದು ಅವಳು ನಕ್ಕಳು. ಮಾತಿನ ಧಾಟಿ ಉತ್ತರದ ಕಡೆಯದು, ಈ ಊರಿನದಲ್ಲ. ಅವನು ಕ್ಷಮೆ ಕೇಳಿ ಇನ್ನೊಂದು ತೆಗೆದುಕೊಟ್ಟ.

ದೇವಸ್ಥಾನಕ್ಕೆ ಮರಳುವಾಗ ಅವನಿಗೊಂದು ದಾರಿ ಹೊಳೆದಿತ್ತು. ಹಳದಿಯನ್ನು ಸೂಯಿಂಗ್‌ಳ ಸಮಾಧಾನಕ್ಕಾಗಿ ಬರೆಸುವುದು, ಕೆಂಪನ್ನು ಮಗಳಿಗಾಗಿ. ಹಳದಿಯಿಂದ ಆಗುವ ಕೆಡುಕನ್ನು ಕೆಂಪು ತಡೆಯಲಿ.

"ಕೇಳ್ಕೊಂಡು ಬಂದ್ರಾ ಅಣ್ಣಾ?"

"ಎರಡೂ ಬೇಕು. ಮೊದಲು ಕೆಂಪು ಬರೀರಿ. ಮಗಳಿಗೆ."

"ಒಳ್ಳೇದು. ಹೆಸರು?"

ಕುಂಚದ ತುದಿಯಿಂದ ಮಸಿಯ ಹನಿಯೊಂದು ತಟ್ಟೆಗೆ ಬಿತ್ತು.

"ಮಗಳ ಹೆಸರು ಮರೆತ್ರಾ? ನಮ್ಮನೆಯವರೂ ಹೀಗೇ, ನನ್ನ ಹುಟ್ಟಿದ ದಿನ ಅವರಿಗೆ ಇವತ್ತಿಗೂ ಗೊತ್ತಿಲ್ಲ."

"ಹುಟ್ಟಿದ ದಿನ ಗೊತ್ತು. ಹೆಸರಿಲ್ದೆ ಬರೆಯೋಕೆ ಆಗಲ್ವಾ?"

ಅವಳ ನಗು ನಿಂತಿತು. ದನಿ ತಗ್ಗಿಸಿದಳು. "ಕೆಂಪಿಗೆ ಹೆಸರು ಬೇಕೇಬೇಕು ಅಣ್ಣಾ. ಕೋರಿದ ಆಯಸ್ಸು ಯಾರಿಗೆ ಹೋಗಿ ಸೇರ್ಬೇಕು ಹೇಳಿ? ಹಳದಿಗಾದ್ರೆ ತೊಂದ್ರೆ ಇಲ್ಲ. ಹೆಸರಿಡೋ ಮುಂಚೆ ಹೋದ ಮಕ್ಕಳಿಗೆ ಮನೆತನದ ಹೆಸರು ಹಾಕಿ, ಇಂಥ ಮನೆಯ ಕೂಸು ಅಂತ ಬರೀತೀವಿ. ಅಷ್ಟು ಸಾಕು ಅವಕ್ಕೆ."

ಬಾಯಿಗೆ ಬಂದ ಒಂದು ಹೆಸರನ್ನು ಹೇಳಿಬಿಡಬಹುದಿತ್ತು. ದೊಡ್ಡವಳಿಗೆ ಝಾವೊದಿ ಎಂದು, ತಮ್ಮನನ್ನು ಕರೆದು ತರಲಿ ಎಂಬ ಆಸೆಯಿಂದ, ಹುಟ್ಟಿದ ದಿನವೇ ಹೆಸರು ಹುಡುಕಿದ್ದ ಅವನು ಇವಳಿಗೆ ಮನಸ್ಸಿನಲ್ಲಿಯೂ ಒಂದು ಹೆಸರಿಟ್ಟಿರಲಿಲ್ಲ. ಬದುಕಿದ್ದರೆ ಯಾರೋ ಇಟ್ಟ ಹೆಸರು ಅವಳಿಗಿದೆ. ತಾನು ಈಗ ಇಡುವ ಹೆಸರಿಗೆ ಅವಳು ತಿರುಗಿ ನೋಡುವುದಿಲ್ಲ.

"ಬೇಗ ಆಗ್ಲಿ, ಬಸ್ಸು ಹೊರಟುಹೋಗುತ್ತೆ" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಹಾಗಾದ್ರೆ ಹಳದೀನೇ ಬರೀರಿ" ಎಂದ. "ಶೆನ್ ಮನೆಯ ಕೂಸು."

ಅವಳು ಬರೆದು, ಮಸಿ ಆರಲೆಂದು ಮೆಲ್ಲಗೆ ಊದಿ, ಗೋಡೆಯ ನೂರಾರು ಹಳದಿ ಚೀಟಿಗಳ ನಡುವೆ ಅಂಟಿಸಿದಳು. ಗೆನ್‌ಫು ಫೋಟೋ ತೆಗೆದು ಕಳಿಸಿದ. ಅಂಗಳಕ್ಕೆ ಇಳಿಯುವಷ್ಟರಲ್ಲಿ ಫೋನು ಬಂತು.

"ಅಕ್ಷರ ಚೆನ್ನಾಗಿದೆ" ಎಂದಳು ಸೂಯಿಂಗ್. "ಹೆರಿಗೆಗೆ ಎಂಟು ದಿನ ಇರೋವಾಗ ನಾನು ಆ ಭಟ್ಟೀಲಿ ಇಟ್ಟಿಗೆ ಹೊರೋಕೆ ಹೋಗಬಾರ್ದಿತ್ತು. ಆಸೆಬುರುಕಿ ನಾನು, ನಾನೇ ಕೊಂದೆ ಅದನ್ನ. ಆದ್ರೂ ನಿಮ್ಮಮ್ಮ ಸಾಯೋವರೆಗೂ ಒಂದ್ಸಲಾನೂ ಆ ಮಾತು ಎತ್ತಿ ಆಡ್ಲಿಲ್ಲ ನೋಡು. ಬೇರೆ ಅತ್ತೆ ಆಗಿದ್ರೆ ದಿನಾ ಚುಚ್ಚಿ ಸಾಯಿಸ್ತಿದ್ರು. ದೊಡ್ಡ ಮನಸ್ಸು ಅವರದ್ದು. ನೀನೂ ಬೈಲಿಲ್ಲ."

"ಹೂಂ."

"ಏನು ಹೂಂ? ಕೇಳಿಸ್ತಿದ್ಯಾ?"

"ಕೇಳಿಸ್ತಿದೆ."

"ಊಟ ಮಾಡಿದ್ಯಾ?"

"ಮೊಟ್ಟೆ ತಿಂದೆ. ಇಲ್ಲಿ ಜನ ಜಾಸ್ತಿ. ಸಂಜೆ ಬಸ್ಸಿಗೆ ಬರ್ತೀನಿ."

ಅವಳು ಫೋನಿಟ್ಟಳು. ಅಂಗಳದ ಧೂಪದ ತೊಟ್ಟಿಯ ಸುತ್ತ ಜನ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಗೆನ್‌ಫು ಅವರ ಪಕ್ಕದಲ್ಲಿ ಹೋಗಿ ನಿಂತ. ಹುಟ್ಟಿದ ಮಗುವಿಗೆ ಜೀವವಿತ್ತು ಎಂದು ಅವನು ಹೆಂಡತಿಗೆ ಎಂದೂ ಹೇಳಲಿಲ್ಲ.