ಅತ್ತಿಬೆಲೆ ಬೀರಿನ ಮುಂದೆ ಎಲ್ಲಾ ಗಂಜಲ

ಪಾಪಣ್ಣ ಸತ್ತ ಒಂಬತ್ತನೇ ದಿನ ಅವನ ಹೆಂಡತಿ ನಾಗವೇಣಿ ಅವನ ಗೆಳೆಯ ತಿಮ್ಮರಾಜುವಿಗೆ ಹೇಳಿ ಕಳಿಸಿದಳು. ಅವನು ಟೊಮೆಟೊ ಗಿಡಕ್ಕೆ ಔಷಧಿ ಹೊಡೆಯುತ್ತಿದ್ದವನು ಕ್ಯಾನು ಅಲ್ಲೇ ಬದುವಿನ ಮೇಲಿಟ್ಟು, ಕೈ ತೊಳೆದುಕೊಂಡು ಹೋದ. ಜಗಲಿಯ ಮೇಲೆ ಪಾಪಣ್ಣನ ದೊಡ್ಡಪ್ಪ ಕೊಂಡಪ್ಪ ಕೂತು ತಿಥಿಗೆ ಏನೇನು ಬೇಕೆಂದು ಹೇಳುತ್ತಿದ್ದರು, ಪಾಪಣ್ಣನ ಮಗಳು ದಿವ್ಯ ಬರೆದುಕೊಳ್ಳುತ್ತಿದ್ದಳು. ನಾಗವೇಣಿ ಬಾಗಿಲಿನ ಮರೆಯಲ್ಲಿ ನಿಂತು ಕೇಳಿದಳು:

"ಎಡೆಗೆ ಒಂದು ಬೀರು ಇಡಬೇಕಲ್ಲಣ್ಣ. ಯಾವ್ದು ಇಡಾನ? ಅದು ನಿಮಗೇ ಗೊತ್ತಿರಾದು."

ಹನ್ನೊಂದನೇ ದಿನದ ಎಡೆ ಎಂದರೆ ಹೊಸೂರು ಸೀಮೆಯ ಉದ್ದನಪಲ್ಲಿಯ ಕಡೆ ಹುಡುಗಾಟವಲ್ಲ. ಸತ್ತವನಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಾಳೆಎಲೆಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಕೂರಬೇಕು. ಒಳಗೆ ಅವನು ಬಂದು ಉಣ್ಣುತ್ತಾನೆ. ಆಮೇಲೆ ಬಾಗಿಲನ್ನು ಮೂರು ಸಲ ತಟ್ಟಿ ತೆಗೆಯಬೇಕು. ಉಣ್ಣುವವನನ್ನು ಅರ್ಧಕ್ಕೆ ಎಬ್ಬಿಸಬಾರದು, ಇಷ್ಟವಿಲ್ಲದ್ದನ್ನು ಇಟ್ಟು ಹಸಿದು ಕಳಿಸಲೂಬಾರದು. ಬದುಕಿದ್ದಾಗ ಗಂಡನಿಗೆ ತಂಗಳು ಹಾಕಿದವಳೂ ಎಡೆಯ ದಿನ ಬಿಸಿ ಮುದ್ದೆಯನ್ನೇ ಕಟ್ಟುತ್ತಾಳೆ.

"ಅದರ ಯೋಚನೆ ನಿನಗ್ಯಾಕಮ್ಮ. ಅದು ನನಗೆ ಬುಡು," ಎಂದ ತಿಮ್ಮರಾಜು. ಅಷ್ಟು ಧೈರ್ಯವಾಗಿ ಹೇಳಿ ಬಂದವನು ಮನೆ ತಲುಪುವ ಮುಂಚೆಯೇ ದಾರಿಯಲ್ಲಿ ನಿಂತುಬಿಟ್ಟ. ಪಾಪಣ್ಣನಿಗೆ ಯಾವ ಬೀರು ಇಷ್ಟ? ಇಪ್ಪತ್ತೆರಡು ವರ್ಷ ಎದುರಾಬದುರು ಕೂತು ಕುಡಿದಿದ್ದರೂ ಅವನಿಗೆ ಅದು ಗೊತ್ತಿರಲಿಲ್ಲ.

ಪಾಪಣ್ಣ ಲಾರಿ ಡ್ರೈವರ್. ಹೊಸೂರಿನ ಫ್ಯಾಕ್ಟರಿಗಳಲ್ಲಿ ತಯಾರಾದ ಬಿಡಿಭಾಗಗಳನ್ನು ತುಂಬಿಕೊಂಡು ಹೊರಟನೆಂದರೆ ಒಮ್ಮೆ ಪುಣೆ, ಒಮ್ಮೆ ಲೂಧಿಯಾನ, ಒಮ್ಮೆ ಸಿಲಿಗುರಿ. ತಿಮ್ಮರಾಜು ಅದಕ್ಕೆ ತದ್ವಿರುದ್ಧ. ಆಚೆಗೆ ಅತ್ತಿಬೆಲೆ, ಈಚೆಗೆ ಕೃಷ್ಣಗಿರಿ, ಅವನ ಪ್ರಪಂಚ ಅಲ್ಲಿಗೆ ಮುಗಿಯಿತು. ಪಾಪಣ್ಣ ಹೋದ ಸೀಮೆಯಿಂದೆಲ್ಲ ಒಂದೊಂದು ಬೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಸೀಟಿನ ಕೆಳಗೆ ಇಟ್ಟುಕೊಂಡು ತರುತ್ತಿದ್ದ. ಭಾನುವಾರ ಮಧ್ಯಾಹ್ನ ಉಂಡ ಮೇಲೆ ಅದನ್ನು ಹಗ್ಗಕ್ಕೆ ಕಟ್ಟಿ ತಿಮ್ಮರಾಜುವಿನ ಬಾವಿಗೆ ಇಳಿಬಿಡುವುದು, ತಣ್ಣಗಾಗುವವರೆಗೆ ಪಂಪ್‌ಹೌಸಿನ ನೆರಳಲ್ಲಿ ಕೂತು ಹರಟುವುದು, ಆಮೇಲೆ ಎಳೆದುಕೊಂಡು ಬಗ್ಗಿಸಿಕೊಳ್ಳುವುದು.

"ಬೀರು ಅಂದ್ರೆ ನೀರು ಕಣ್ಲಾ," ಎನ್ನುತ್ತಿದ್ದ ಪಾಪಣ್ಣ. "ಯಾವ ಸೀಮೆ ನೀರು ಚೆಂದವೋ ಆ ಸೀಮೆ ಬೀರು ಚೆಂದ. ಗೋವಾದ್ದು ತೆಳ್ಳಗೆ, ಸೆಕೆಗೆ ಸರಿ. ಪಂಜಾಬಿನೋರದ್ದು ಮಂದ, ಒಂದು ಲೋಟಕ್ಕೇ ಹೊಟ್ಟೆ ಕಟ್ಕೊಂತದೆ. ಹಿಮಾಚಲದ್ದು ಐತಲ್ಲ, ಬೆಟ್ಟದ ನೀರು, ಕುಡುದ್ರೆ ಗಂಟಲಲ್ಲಿ ಗಾಳಿ ಬೀಸ್ದಂಗಾಯ್ತದೆ. ಇದನ್ನ ನೋಡು. ಹೆಂಗೈತ್ಲಾ?"

ತಿಮ್ಮರಾಜು ಒಂದು ಗುಟುಕು ಬಾಯಲ್ಲಿ ಆಡಿಸಿ, ಮುಖ ಕಿವುಚಿ, ತೀರ್ಪು ಕೊಡುತ್ತಿದ್ದ. "ಎಮ್ಮೆ ಗಂಜಲ. ಅತ್ತಿಬೆಲೆ ಬೀರಿನ ಮುಂದೆ ಎಲ್ಲಾ ಗಂಜಲ."

ಈ ಹಟಕ್ಕೆ ಅವನದೇ ಒಂದು ನ್ಯಾಯವಿತ್ತು. ರೇಷನ್ ಕಾರ್ಡು ತಮಿಳುನಾಡಿನದು, ಓಟು ತಮಿಳುನಾಡಿನದು, ಮಗ ಓದಿದ್ದೂ ತಮಿಳು ಶಾಲೆಯಲ್ಲಿ. ಇನ್ನು ತನ್ನದೆಂದು ಉಳಿದದ್ದು ನಾಲಿಗೆಯೊಂದೇ, ಆ ನಾಲಿಗೆ ಕನ್ನಡದ್ದು. ಅದಕ್ಕೆ ಗಡಿಯಾಚೆಯ ಅತ್ತಿಬೆಲೆ ಬೀರೇ ಹಿಡಿಸಬೇಕಾದದ್ದು ಧರ್ಮ. ಊರಿನ ಸರ್ಕಾರಿ ಅಂಗಡಿಯ ಬೀರನ್ನು ಅವನು ಮುಟ್ಟಿದವನೇ ಅಲ್ಲ. ಮೂವತ್ತೈದು ಕಿಲೋಮೀಟರು ಬೈಕು ಓಡಿಸಿ, ಗಡಿಯ ಜೂಜುವಾಡಿ ದಾಟಿ, ಆಚೆ ಬದಿ ಕಾಲಿಟ್ಟ ಮೇಲೇ ಅವನಿಗೆ ಬಾಯಾರಿಕೆ ಹುಟ್ಟುತ್ತಿದ್ದುದು.

ಪಾಪಣ್ಣ ಆ ತೀರ್ಪಿಗೆ ಒಂದು ದಿನವೂ ಬೇಸರ ಪಡಲಿಲ್ಲ. ನಗುತ್ತಿದ್ದ. ತನ್ನ ಲೋಟ ಹಿಡಿದುಕೊಂಡು ನಿಧಾನವಾಗಿ ಕೂರುತ್ತಿದ್ದ. ಈಚೀಚೆಗಂತೂ ತೀರಾ ನಿಧಾನ, ಪಂಪ್‌ಹೌಸಿನ ಪಕ್ಕದ ಸೀಬೆಮರದ ಕಡೆ ತಿರುಗಿ ಕೂತು ಒಂದು ಲೋಟಕ್ಕೆ ಇಡೀ ಮಧ್ಯಾಹ್ನ. ಎರಡು ವರ್ಷದ ಹಿಂದೆ ಗಾಜಿನ ಲೋಟ ಬಿಟ್ಟು ಮನೆಯಿಂದ ಸ್ಟೀಲಿನದು ತರಲು ಶುರುಮಾಡಿದ್ದ. "ಏನ್ಲಾ, ಮಜ್ಜಿಗೆ ಕುಡಿಯೋನಂಗೆ?" ಎಂದು ತಿಮ್ಮರಾಜು ರೇಗಿಸಿದ್ದಕ್ಕೆ, "ಗಾಜು ಒಡೆದ್ರೆ ನಿನ್ನ ಎಮ್ಮೆ ಕಾಲಿಗೆ ಚುಚ್ಚೀತು," ಎಂದಿದ್ದ. ಎಮ್ಮೆಯ ಮೇಲೆ ಅಷ್ಟು ಪ್ರೀತಿ ಇರುವವನಿಗೆ ಯಾರು ಏನು ಹೇಳಿಯಾರು.

ಹೋದ ವರ್ಷ ಸಿಕ್ಕಿಮಿನದೊಂದು ಬಾಟಲಿ ಬಂದಿತ್ತು. ಅದರ ಮೊದಲ ಗುಟುಕಿಗೆ ತಿಮ್ಮರಾಜು ಮುಖ ಕಿವುಚುವುದನ್ನೇ ಮರೆತಿದ್ದ. ಸುಗ್ಗಿಯ ಕಣದ ವಾಸನೆ, ಕೊನೆಯಲ್ಲೊಂದು ಸಣ್ಣ ಕಹಿ, ಅದರ ಹಿಂದೆಯೇ ಸಿಹಿ. ಇಂಥದ್ದನ್ನು ತಾನು ಹುಟ್ಟಿದಾಗಿನಿಂದ ಕುಡಿದಿಲ್ಲ ಎಂದು ಅವನಿಗೆ ಅಲ್ಲೇ ಗೊತ್ತಾಯಿತು. "ಹೆಂಗೈತ್ಲಾ?" ಎಂದು ಪಾಪಣ್ಣ ಮುಂದಕ್ಕೆ ಬಾಗಿ ಕೇಳಿದ. ಆ ದಿನ ಅವನ ಕಣ್ಣಲ್ಲಿ ಏನೋ ಇತ್ತು.

"ಗಂಜಲ," ಎಂದ ತಿಮ್ಮರಾಜು.

ಬಾಟಲಿ ಖಾಲಿಯಾದ ಮೇಲೆ, "ಗಂಜಲ ಅಂತ ಪೂರಾ ಬಾಟ್ಲಿ ಮುಗಿಸ್ದಲ್ಲೋ," ಎಂದು ಪಾಪಣ್ಣ ನಕ್ಕ. ನಕ್ಕು, ಆಚೆ ತಿರುಗಿ ಸೀಬೆಮರದ ಕಡೆ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದ.

ಮೊನ್ನೆ ವೈಶಾಖದ ಬಿಸಿಲಿನಲ್ಲಿ ಲಾರಿ ಖಾಲಿ ಮಾಡಿ ಹಿಂದಿರುಗುವಾಗ ನಾಗಪುರದ ಈಚೆ ಅವನಿಗೆ ಎದೆನೋವು ಬಂತು. ಲಾರಿಯನ್ನು ನೀಟಾಗಿ ಢಾಬಾದ ಪಕ್ಕ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸೀಟಿನಲ್ಲೇ ಹೋಗಿಬಿಟ್ಟಿದ್ದ. ಎರಡು ದಿನದ ಮೇಲೆ ಹೆಣ ಊರಿಗೆ ಬಂತು. ತಿಮ್ಮರಾಜು ಗುಂಡಿಗೆ ಮಣ್ಣು ಹಾಕಿ ಬಂದವನು ಆ ಭಾನುವಾರ ಬಾವಿಯ ಕಡೆ ತಲೆ ಹಾಕಲಿಲ್ಲ.

ಹತ್ತನೇ ದಿನ ಅವನು ಅತ್ತಿಬೆಲೆಗೆ ಹೋದ. ಅಂಗಡಿಯವನು ಯಾವುದು ಬೇಕು ಎಂದಾಗ ಅಭ್ಯಾಸದಂತೆ ತನ್ನದನ್ನೇ ಕೇಳಿದ. ಬಾಟಲಿ ಕೈಗೆ ಬಂದ ಮೇಲೆ ಅವನಿಗೆ ನಾಚಿಕೆಯಾಯಿತು. ಇದು ತನ್ನ ಇಷ್ಟ, ಅವನ ಇಷ್ಟವಲ್ಲ. ಅವನು ಪ್ರತಿ ಸಲ ನಿನಗೆ ಹೆಂಗೈತೆ ಎಂದು ಕೇಳಿದ. ನಿನಗೆ ಹೆಂಗೈತೆ ಎಂದು ತಾನು ಒಂದು ಸಲವೂ ಕೇಳಲಿಲ್ಲ. ಇನ್ನು ಕೇಳಬೇಕೆಂದರೆ ಯಾರನ್ನು ಕೇಳುವುದು? ಬೇರೇನೂ ತೋಚದೆ ಅದನ್ನೇ ತಂದ.

ಹನ್ನೊಂದನೇ ದಿನ ಮಧ್ಯಾಹ್ನದ ಹೊತ್ತಿಗೆ ಅಡುಗೆಯಾಗಿತ್ತು. ನಡುಮನೆಯಲ್ಲಿ ಫೋಟೋದ ಮುಂದೆ ಎಲೆ ಹಾಸಿ, ಮುದ್ದೆ, ಕೋಳಿ ಸಾರು, ಹುರುಳಿಕಾಳಿನ ಉಸಲಿ, ಎರಡು ಬೀಡಿ ಕಟ್ಟು ಇಟ್ಟಿದ್ದರು. ತಿಮ್ಮರಾಜು ಚೀಲದಿಂದ ಬಾಟಲಿ ತೆಗೆಯುವಷ್ಟರಲ್ಲಿ ನಾಗವೇಣಿ ಅವನನ್ನು ಹಿತ್ತಲಿಗೆ ಕರೆದಳು. ಅವಳ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ್ದ ಒಂದು ಬಾಟಲಿ ಇತ್ತು.

"ಲಾರಿಯೋರು ಬಟ್ಟೆಬರೆ ತಂದುಕೊಟ್ರಲ್ಲ, ಅದ್ರಲ್ಲಿತ್ತು. ನಿಮಗೇ ಅಂತ ತಂದಿರಾದು."

ತಿಮ್ಮರಾಜು ಟವೆಲು ಬಿಚ್ಚಿದ. ಲೇಬಲ್ಲಿನ ಮೇಲಿದ್ದುದು ಹಿಂದಿಯೋ ಇನ್ಯಾವುದೋ, ಅವನಿಗೆ ಓದಲು ಬರಲಿಲ್ಲ. "ಇದು ಅವನಿಗೆ ಇಷ್ಟವಾ?" ಎಂದು ಮೆಲ್ಲಗೆ ಕೇಳಿದ. "ನಿಜ ಹೇಳ್ತೀನಮ್ಮ, ಅವನಿಗೆ ಯಾವ್ದು ಇಷ್ಟ ಅಂತ ನನಗೆ ಗೊತ್ತಿಲ್ಲ."

"ಅವರಿಗೆ ಹೆಂಗಣ್ಣ ಗೊತ್ತಿರ್ತದೆ? ಬುಟ್ಟು ಎರಡು ವರ್ಷ ಆಗಿತ್ತಲ್ಲ."

"ಏನು ಬುಟ್ಟು?"

"ಕುಡಿಯಾದು." ನಾಗವೇಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಲಿವರ್ ಊದೈತೆ, ಇನ್ನು ಒಂದು ತೊಟ್ಟೂ ಮುಟ್ಟಬ್ಯಾಡ ಅಂತ ಹೊಸೂರಲ್ಲಿ ಡಾಕ್ಟರು ಹೇಳಿದ್ರು. ಅವತ್ತಿಂದ ಮುಟ್ಲಿಲ್ಲ. ನಿಮಗೆ ಹೇಳಬ್ಯಾಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ಗೊತ್ತಾದ್ರೆ ರಾಜು ತಾನೂ ಬುಟ್ಬುಡ್ತಾನೆ, ಆಮೇಲೆ ಭಾನುವಾರ ಬಾವಿ ತಾವ ಕೂತ್ಕೊಂಡು ಇಬ್ರೂ ಏನ್ ಮಾಡಾದು ಅಂತಿದ್ರು."

ತಿಮ್ಮರಾಜುವಿಗೆ ಸ್ಟೀಲಿನ ಲೋಟ ನೆನಪಾಯಿತು. ಆಚೆ ತಿರುಗಿ ಕೂರುತ್ತಿದ್ದುದು ನೆನಪಾಯಿತು. ಪಂಪ್‌ಹೌಸಿನ ಪಕ್ಕದ ಸೀಬೆಮರದ ಬುಡ ಎಂಥ ಬೇಸಿಗೆಯಲ್ಲೂ ಒದ್ದೆಯಾಗಿರುತ್ತಿತ್ತು. ಪೈಪು ಸೋರುತ್ತಿದೆಯೆಂದು ಅವನು ಎರಡು ಸಲ ಅಗೆದು ನೋಡಿದ್ದ. ಎರಡು ವರ್ಷ ಎದುರಿಗೆ ಕೂತವನು ಕುಡಿಯುತ್ತಿದ್ದಾನೋ ಇಲ್ಲವೋ ಎಂಬುದನ್ನೂ ನೋಡದ ತನ್ನ ಕಣ್ಣಿಗೆ ಬೆಂಕಿ ಹಾಕಬೇಕು ಅನ್ನಿಸಿತು.

"ಮತ್ತೆ ಯಾಕೆ ತರೋನು?" ಎಂದ.

"ನೀವು ಕುಡುದು ಹೆಂಗೈತೆ ಅಂತ ಹೇಳ್ಲಿ ಅಂತ. ಅಲ್ಲಿಂದ ಬಂದೇಟಿಗೆ ನನಗೆ ಹೇಳೋರು, ಇವತ್ತೂ ಗಂಜಲ ಅಂದ ಕಣೆ ಅಂತ. ನಗೋರು. ಒಂದು ಸಲ ಅವನ ಬಾಯಲ್ಲಿ ಚೆನ್ನಾಗೈತೆ ಅಂತ ಬರ್ಲಿ, ಡಾಕ್ಟರ್ ಏನಾದ್ರೂ ಅಂದ್ಕೊಳ್ಲಿ, ಅದನ್ನ ಒಂದೇ ಒಂದು ಲೋಟ ಕುಡುದು ಬುಡ್ತೀನಿ ಅನ್ನೋರು." ಅವಳು ಅವನ ಕೈಯಲ್ಲಿದ್ದ ಬಾಟಲಿ ನೋಡಿದಳು. "ನೀವು ಅನ್ನದೇ ಇದ್ದುದ್ದು ಒಳ್ಳೇದೇ ಆಯ್ತಣ್ಣ. ನಿಮ್ಮ ಹಟದಿಂದ್ಲೇ ಎರಡು ವರ್ಷ ಉಳುಕೊಂಡ್ರು ಅಂತ ನಾನು ದೇವರಿಗೆ ಕೈ ಮುಗಿತಿದ್ದೆ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಆ ಮಾತು ತಿಮ್ಮರಾಜುವಿಗೆ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಸಿಕ್ಕಿಮಿನ ಬಾಟಲಿಯ ದಿನ ಪಾಪಣ್ಣ ಮುಂದಕ್ಕೆ ಬಾಗಿ ಕಾಯುತ್ತಿದ್ದುದು ಯಾತಕ್ಕೆಂದು ಈಗ ಗೊತ್ತಾಯಿತು. ಹಿತವಾಗಿದೆ ಎಂಬುದು ತನ್ನ ಮುಖದಲ್ಲೇ ಅವನಿಗೆ ಕಂಡಿರಬೇಕು. ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು. ತಾನು ಗಂಜಲ ಎಂದೆ. ಅವನ ಲಿವರ್ ಉಳಿಸಲೆಂದು ಹಾಗಂದದ್ದಲ್ಲ, ಬರೀ ಜಂಭಕ್ಕೆ ಅಂದದ್ದು. ಕೊನೆಗೂ ಅವನು ಸತ್ತದ್ದು ಎದೆನೋವಿನಿಂದ. ಒಂದು ಲೋಟ ಕುಡಿದಿದ್ದರೆ ಏನಾಗುತ್ತಿತ್ತೋ, ಏನೂ ಆಗುತ್ತಿರಲಿಲ್ಲವೋ, ಅದನ್ನು ಹೇಳುವವರು ಯಾರೂ ಇಲ್ಲ.

ಅವನು ಅಳುತ್ತ ಬಾಟಲಿ ಹಿಡಿದುಕೊಂಡು ಒಳಗೆ ಬಂದ. ಎಡೆಯ ಪಕ್ಕ ಪಾಪಣ್ಣನ ಸ್ಟೀಲಿನ ಲೋಟ ಇತ್ತು. ತಿಮ್ಮರಾಜು ಮುಚ್ಚಳ ತೆಗೆದ. ನೊರೆ ಬರಲಿಲ್ಲ. ಅದನ್ನು ಲೋಟಕ್ಕೆ ಹಾಕುವ ಬದಲು ತನ್ನ ಬಾಯಿಯ ಕಡೆ ಎತ್ತಿದ.

"ಏಯ್, ಏನ್ಲಾ ಅದು," ಎಂದರು ಬಾಗಿಲ ಬಳಿ ಕೂತಿದ್ದ ಕೊಂಡಪ್ಪ. "ಎಡೆಗಿಡೋದನ್ನ ಮೊದ್ಲು ಎಂಜಲು ಮಾಡ್ತಾರಾ? ಬುದ್ಧಿ ಐತಾ ನಿಂಗೆ?"

"ಮಾಡ್ಲಿ ಬುಡಿ ಮಾವ," ಎಂದಳು ನಾಗವೇಣಿ. "ಇವರು ನೋಡಿ ಹೇಳ್ದೆ ಅವರು ಮುಟ್ಟಾಕಿಲ್ಲ."

ತಿಮ್ಮರಾಜು ಒಂದು ಗುಟುಕು ತೆಗೆದುಕೊಂಡ. ಲಾರಿಯ ಕ್ಯಾಬಿನ್ನಿನಲ್ಲಿ ಬಿಸಿಲಿಗೆ ದಿನಗಟ್ಟಲೆ ಬೆಂದು, ಬಾವಿಯ ನೀರನ್ನು ಕಾಣದೆ, ಅದು ಕೆಟ್ಟುಹೋಗಿತ್ತು. ಹುಳಿ, ಒಗರು, ಹಳಸಿದ ಗಂಜಿಯ ವಾಸನೆ. ಇಪ್ಪತ್ತೆರಡು ವರ್ಷ ಸುಮ್ಮಸುಮ್ಮನೆ ಆಡಿದ ಮಾತು ಇವತ್ತು ಬಾಯೊಳಗೆ ನಿಜವಾಗಿ ನಿಂತಿತ್ತು.

"ಹೆಂಗೈತಣ್ಣ?" ಎಂದಳು ನಾಗವೇಣಿ.

ಅವನು ಅದನ್ನು ನುಂಗಿದ. ಫೋಟೋದ ಕಡೆ ನೋಡಿ ಹೇಳಿದ:

"ಚೆನ್ನಾಗೈತೆ ಕಣ್ಲಾ ಪಾಪಣ್ಣ. ಭಾಳ ಚೆನ್ನಾಗೈತೆ. ಅತ್ತಿಬೆಲೇದು ಇದ್ರ ಮುಂದೆ ಏನೂ ಇಲ್ಲ. ಆ ಸಿಕ್ಕಿಮಿಂದೂ ಚೆನ್ನಾಗಿತ್ತು. ನಾನು ಸುಳ್ಳು ಹೇಳ್ದೆ."

ಆಮೇಲೆ ಲೋಟವನ್ನು ಕಂಠಮಟ್ಟ ತುಂಬಿ ಎಲೆಯ ಬಲಗಡೆ ಇಟ್ಟ. ತಾನು ತಂದಿದ್ದ ಅತ್ತಿಬೆಲೆಯ ಬಾಟಲಿಯನ್ನು ಚೀಲದಲ್ಲೇ ಬಿಟ್ಟ. ದಿವ್ಯ ದೀಪದ ಬತ್ತಿ ಸರಿಮಾಡಿದಳು. ಎಲ್ಲರೂ ಹೊರಗೆ ಬಂದು, ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತರು.

ಹೊರಗೆ ಬಿಸಿಲು ಬಿರುಸಾಗಿತ್ತು. ರಾಯಕೋಟೆಯ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸುವ ಸದ್ದು ಕೇಳಿಸಿತು. ಎಲ್ಲರೂ ಒಮ್ಮೆ ಆ ಕಡೆ ತಿರುಗಿ, ಮತ್ತೆ ತಲೆ ತಗ್ಗಿಸಿಕೊಂಡರು. ದಿವ್ಯ ಚೊಂಬಿನಲ್ಲಿ ನೀರು ತಂದುಕೊಟ್ಟಳು. ತಿಮ್ಮರಾಜು ಅದನ್ನು ಪಕ್ಕಕ್ಕಿಟ್ಟುಕೊಂಡ, ಬಾಯಿ ಮುಕ್ಕಳಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೊಂಡಪ್ಪ ಮಂಡಿ ಹಿಡಿದುಕೊಂಡು ಎದ್ದರು. "ಸಾಕು, ಉಂಡಿರ್ತಾನೆ. ಬಾಗಿಲು ತಟ್ಟಾನ," ಎಂದು ಕೈ ಎತ್ತಿದರು.

ತಿಮ್ಮರಾಜು ಆ ಕೈ ಹಿಡಿದುಕೊಂಡ.

"ಇನ್ನೊಂಚೂರು ತಡಿ ದೊಡ್ಡಪ್ಪ," ಎಂದ. "ಎರಡು ವರ್ಷ ಆಗೈತೆ. ನಿಧಾನಕ್ಕೆ ಕುಡೀಲಿ."